ಸಹಿ ಬಿದ್ದದ್ದು 2007ರಲ್ಲಿ, ರಾಜೀನಾಮೆ ಬಂದದ್ದು 2019ರಲ್ಲಿ: ಎಪ್‌ಸ್ಟೀನ್ ಒಪ್ಪಂದದ ಬಗ್ಗೆ ಯಾರು, ಯಾವಾಗ ಕೇಳಬೇಕಿತ್ತು?

ತುಂಗಾತೀರ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಹುಡುಗಿಯರ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ ಅಮೆರಿಕದ ಹಣವಂತ ಜೆಫ್ರಿ ಎಪ್‌ಸ್ಟೀನ್ ಹೆಸರು ಬಂದ ಕೂಡಲೇ ಅವನ ವಿಮಾನದಲ್ಲಿ ಯಾರ್ಯಾರು ಕೂತಿದ್ದರು ಅನ್ನೋ ಕಡೆಗೆ ಮಾತು ಹೊರಳಿಬಿಡುತ್ತದೆ. ಅದೂ ಬೇಕು. ಆದರೆ ನನ್ನನ್ನು ಕಾಡುತ್ತಿರುವುದು ಒಂದು ಕಾಗದ. ಅವನನ್ನು ಬಿಟ್ಟು ಕಳಿಸಿದ ಕಾಗದ. ಅದರ ಬಗ್ಗೆ ಇಲ್ಲಿ ನಿಧಾನವಾಗಿ ಮಾತಾಡೋಣ ಅಂತ ಬರೆಯುತ್ತಿದ್ದೇನೆ.

ಕಥೆ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. 2005ರ ಮಾರ್ಚ್‌ನಲ್ಲಿ ಫ್ಲಾರಿಡಾದ ಪಾಮ್ ಬೀಚ್ ಪೊಲೀಸರಿಗೆ ಒಂದು ದೂರು ಬಂತು. ಹುಡುಗಿಗೆ 14 ವರ್ಷ. ಮಸಾಜ್ ಮಾಡಬೇಕು, ದುಡ್ಡು ಕೊಡುತ್ತಾರೆ ಅಂತ ಎಪ್‌ಸ್ಟೀನ್ ಮನೆಗೆ ಕರೆದುಕೊಂಡು ಹೋಗಿದ್ದರು. ಪೊಲೀಸರು ಹುಡುಕಿದಷ್ಟೂ ಅಂಥದೇ ಕಥೆಯ ಇನ್ನಷ್ಟು ಹುಡುಗಿಯರು ಸಿಕ್ಕರು. ಆದರೆ ಅಲ್ಲಿನ ಸ್ಟೇಟ್ ಅಟಾರ್ನಿ (ರಾಜ್ಯದ ಪರ ಕೇಸು ನಡೆಸುವವರು) ಬ್ಯಾರಿ ಕ್ರಿಶರ್ ಕೇಸನ್ನು ನೇರವಾಗಿ ನಡೆಸಲಿಲ್ಲ, ಆರೋಪ ಹೊರಿಸಬೇಕೇ ಅಂತ ತೀರ್ಮಾನಿಸುವ ನಾಗರಿಕರ ಮಂಡಳಿಯಾದ ಗ್ರ್ಯಾಂಡ್ ಜ್ಯೂರಿ ಮುಂದೆ ಒಯ್ದರು. 2006ರ ಜುಲೈನಲ್ಲಿ ಹೊರಬಂದದ್ದು ವೇಶ್ಯಾವಾಟಿಕೆಗೆ ಸಂಬಂಧಿಸಿದ ಒಂದೇ ಒಂದು ಆರೋಪ. ಪೊಲೀಸ್ ಮುಖ್ಯಸ್ಥ ಮೈಕಲ್ ರೈಟರ್‌ಗೆ ಇದು ನುಂಗಲಾರದ ತುತ್ತು. ಈ ಕೇಸಿನಿಂದ ಹಿಂದೆ ಸರಿಯುವ ಬಗ್ಗೆ ಯೋಚಿಸಿ ಅಂತ ಅವರು ಕ್ರಿಶರ್‌ಗೆ ಮೊದಲೇ ಪತ್ರ ಬರೆದಿದ್ದರು. ಕೊನೆಗೆ ಎಫ್‌ಬಿಐ ಬಾಗಿಲು ತಟ್ಟಿದರು.

ಎಫ್‌ಬಿಐ ತನಿಖೆ ಮಾಡಿತು. ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಪ್ರಾಸಿಕ್ಯೂಟರ್ ಒಬ್ಬರು 2007ರಲ್ಲಿ 53 ಪುಟದ ದೋಷಾರೋಪ ಪಟ್ಟಿಯ ಕರಡನ್ನೂ ಬರೆದಿಟ್ಟರು. ಅದು ಕೋರ್ಟ್ ಮೆಟ್ಟಿಲು ಹತ್ತಲೇ ಇಲ್ಲ. ಆಗ ದಕ್ಷಿಣ ಫ್ಲಾರಿಡಾದ ಯು.ಎಸ್. ಅಟಾರ್ನಿ, ಅಂದರೆ ಅಲ್ಲಿನ ಫೆಡರಲ್ ಪ್ರಾಸಿಕ್ಯೂಟರ್‌ಗಳ ಮುಖ್ಯಸ್ಥ, ಆಗಿದ್ದವರು ಅಲೆಕ್ಸಾಂಡರ್ ಅಕೋಸ್ಟಾ. ಅವರ ಕಚೇರಿ 2007ರ ಸೆಪ್ಟೆಂಬರ್ 24ರಂದು ಎಪ್‌ಸ್ಟೀನ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು. ರಾಜ್ಯದ ಕೋರ್ಟ್‌ನಲ್ಲಿ ಎರಡು ಸಣ್ಣ ಆರೋಪ ಒಪ್ಪಿಕೊಂಡರೆ ಸಾಕು, ಫೆಡರಲ್ ಕೇಸು ಹಾಕುವುದಿಲ್ಲ. ಅವನ ಜೊತೆ ಕೈಜೋಡಿಸಿದ ನಾಲ್ವರ ಹೆಸರು ಹಾಕಿ ಅವರಿಗೂ ರಕ್ಷಣೆ. ಹೆಸರಿಲ್ಲದ ಬೇರೆ ಸಹಚರರು ಯಾರಾದರೂ ಇದ್ದರೆ ಅವರಿಗೂ ರಕ್ಷಣೆ! ಈ ಒಪ್ಪಂದ ಸಾರ್ವಜನಿಕ ದಾಖಲೆ ಆಗುವುದಿಲ್ಲ ಅನ್ನೋ ನಿರೀಕ್ಷೆಯನ್ನೂ ಅದೇ ಕಾಗದದಲ್ಲಿ ಬರೆದಿದ್ದರು.

2008ರ ಜೂನ್ 30ರಂದು ಅವನು ತಪ್ಪೊಪ್ಪಿಕೊಂಡ. 18 ತಿಂಗಳ ಶಿಕ್ಷೆ. ಒಳಗಿದ್ದದ್ದು ಸುಮಾರು 13 ತಿಂಗಳು. ಅದರಲ್ಲೂ ಹೆಚ್ಚಿನ ಕಾಲ ವಾರಕ್ಕೆ ಆರು ದಿನ, ದಿನಕ್ಕೆ 12 ಗಂಟೆವರೆಗೂ ಹೊರಗೆ ತನ್ನ ಆಫೀಸಿನಲ್ಲಿ ಕೂರಲು ಅನುಮತಿ. ರಾತ್ರಿ ಮಲಗಲು ಮಾತ್ರ ಜೈಲು.

30ಕ್ಕೂ ಹೆಚ್ಚು ಹುಡುಗಿಯರ ಮೇಲೆ ದೌರ್ಜನ್ಯ ಮಾಡಿದವನಿಗೆ ಇದು ಸಿಕ್ಕಿದ ಶಿಕ್ಷೆ. ಸಹಿ ಹಾಕಿಸಿದ ಅಕೋಸ್ಟಾ ಮುಂದೆ ಲಾ ಕಾಲೇಜಿನ ಡೀನ್ ಆದರು. 2017ರಲ್ಲಿ ಅಮೆರಿಕದ ಕಾರ್ಮಿಕ ಮಂತ್ರಿಯೂ ಆದರು. 2019ರ ಜುಲೈನಲ್ಲಿ ರಾಜೀನಾಮೆ ಕೊಟ್ಟರು. ನಡುವೆ ಹೆಚ್ಚುಕಡಿಮೆ 12 ವರ್ಷ. ಅಷ್ಟು ವರ್ಷ ಈ ಪ್ರಶ್ನೆ ಕೇಳಬೇಕಾಗಿದ್ದವರು ಎಲ್ಲಿದ್ದರು?

ಫ್ಲಾರಿಡಾ ಕನ್ನಡಿಗ

ತುಂಗಾತೀರ ಅವರೇ, ನಾನು ಈ ಕಡೆ ಬಂದು 16 ವರ್ಷ ಆಯ್ತು. ಆ ಊರಿನ ನಕ್ಷೆ ನೋಡಿದರೆ ಅರ್ಧ ಕೇಸು ಅರ್ಥವಾಗುತ್ತದೆ. ಪಾಮ್ ಬೀಚ್ ಅನ್ನೋದು ಸಮುದ್ರ ದಂಡೆಯ ಉದ್ದನೆಯ ದ್ವೀಪ. ಎತ್ತರದ ಹಸಿರು ಬೇಲಿ, ಅದರ ಹಿಂದೆ ಬಂಗಲೆ. ನಡುವೆ ಹಿನ್ನೀರು, ಮೇಲೆ ಸೇತುವೆ. ಸೇತುವೆ ದಾಟಿದರೆ ವೆಸ್ಟ್ ಪಾಮ್ ಬೀಚ್, ಅದರಾಚೆ ಸಾಮಾನ್ಯ ಜನರ ಮನೆಗಳು, ಟ್ರೈಲರ್‌ಗಳು. ಆ ಹುಡುಗಿಯರು ಬಂದದ್ದು ಆಚೆ ದಡದಿಂದ. ಅವರಲ್ಲಿ ಎಷ್ಟೋ ಜನರ ಮನೆಯ ಪರಿಸ್ಥಿತಿ ಮೊದಲೇ ಸರಿ ಇರಲಿಲ್ಲ. 200–300 ಡಾಲರ್ ಅಂದರೆ ಆ ವಯಸ್ಸಿಗೆ, ಆ ಮನೆಗೆ ದೊಡ್ಡ ದುಡ್ಡು.

ಆಮೇಲೆ ಎಪ್‌ಸ್ಟೀನ್ ವಕೀಲರು ಅದನ್ನೇ ಆ ಮಕ್ಕಳ ಮೇಲೆ ತಿರುಗಿಸಿದರು. ಇವಳು ಹೀಗೆ, ಇವಳು ಹಾಗೆ ಅಂತ. ಸರ್ಕಾರದ ಕಡೆಯವರು ಅದನ್ನು ತಡೆಯಬೇಕಿತ್ತು ಅಲ್ವಾ? 2006ರ ಗ್ರ್ಯಾಂಡ್ ಜ್ಯೂರಿಯ ದಾಖಲೆ 2024ರ ಜುಲೈ 1ಕ್ಕೆ ಹೊರಬಂತು. ಅದಕ್ಕಾಗಿ ಫ್ಲಾರಿಡಾ ಸರ್ಕಾರ ಕಾನೂನನ್ನೇ ತಿದ್ದಬೇಕಾಯಿತು. ನಾನು ಓದಿದೆ. ನೀನು ಮಾಡಿದ್ದು ಅಪರಾಧ ಅಂತ ನಿನಗೆ ಗೊತ್ತಾ ಅಂತ ಪ್ರಾಸಿಕ್ಯೂಟರ್ ಆ ಹುಡುಗಿಯನ್ನೇ ಕೇಳುತ್ತಾರೆ. ಅವಳ ಪರವಾಗಿ ನಿಂತಿರಬೇಕಾದವರು ಕೇಳಿದ ಪ್ರಶ್ನೆ ಅದು. ಓದಿ ಲ್ಯಾಪ್‌ಟಾಪ್ ಮುಚ್ಚಿಟ್ಟು ಹೊರಗೆ ಹೋಗಿ ನಿಂತುಕೊಂಡೆ.

ಕರಿಕೋಟು

ನಾನು ಧಾರವಾಡದ ಕಡೆ ಕ್ರಿಮಿನಲ್ ವಕೀಲ. ಇಲ್ಲಿ ಒಂದು ಮಾತು ಹೇಳದೇ ಹೋದರೆ ಚರ್ಚೆ ಒಂದೇ ಕಡೆ ವಾಲುತ್ತದೆ.

ಪ್ಲೀ ಬಾರ್ಗೇನ್, ಅಂದರೆ ತಪ್ಪೊಪ್ಪಿಕೊಂಡರೆ ಶಿಕ್ಷೆ ಕಡಿಮೆ ಮಾಡುವ ಒಪ್ಪಂದ, ಅನ್ನೋದೇ ಕೆಟ್ಟದ್ದಲ್ಲ. ಅಮೆರಿಕದಲ್ಲಿ ಬಹುಪಾಲು ಕ್ರಿಮಿನಲ್ ಕೇಸು ಹಾಗೇ ಮುಗಿಯುತ್ತವೆ. ಬಡವನೂ ತಪ್ಪೊಪ್ಪಿಕೊಳ್ಳುತ್ತಾನೆ. ಎಷ್ಟೋ ಸಲ ತಪ್ಪು ಮಾಡದವನೂ ಹೆದರಿ ಒಪ್ಪಿಕೊಳ್ಳುತ್ತಾನೆ. ಅಕೋಸ್ಟಾ ಅವರ ವಾದವನ್ನೂ ಒಮ್ಮೆ ಕೇಳಿ. ಸಾಕ್ಷಿ ಹೇಳಲು ಹುಡುಗಿಯರು ಹೆದರಿದ್ದರು. ವಿಚಾರಣೆಗೆ ಹೋಗಿ ಸೋತರೆ ಅವನು ಪೂರ್ತಿ ಪಾರಾಗುತ್ತಿದ್ದ. ಒಪ್ಪಂದದಿಂದ ಜೈಲು ಖಚಿತ, ಲೈಂಗಿಕ ಅಪರಾಧಿಗಳ ಪಟ್ಟಿಯಲ್ಲಿ ಹೆಸರು ಖಚಿತ, ಹುಡುಗಿಯರು ಪರಿಹಾರಕ್ಕೆ ದಾವೆ ಹಾಕಲು ದಾರಿ ಖಚಿತ. ಅವರು 2019ರ ಜುಲೈ 10ರಂದು ಪತ್ರಕರ್ತರ ಮುಂದೆ ಹೇಳಿದ್ದು ಇದನ್ನೇ. ರಾಜ್ಯದವರು ಅವನನ್ನು ಸುಮ್ಮನೆ ಬಿಡಲು ಹೊರಟಿದ್ದರು, ನಾವು ತಡೆದೆವು ಅಂದರು.

ನಾನು ಈ ವಾದವನ್ನು ಪೂರ್ತಿ ಒಪ್ಪುವುದಿಲ್ಲ. ಆದರೆ ಸಾಕ್ಷಿಗಳು ಕಟಕಟೆಯಲ್ಲಿ ಕುಸಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕೆ ಈ ಭಯವನ್ನು ಸುಳ್ಳು ಅನ್ನಲಾರೆ.

ಅಂಕಿಗಾರ

ಕರಿಕೋಟು ಸರ್, ಆ ಪತ್ರಿಕಾಗೋಷ್ಠಿ ಮುಗಿದ ಮೇಲೆ ಕ್ರಿಶರ್ ಕೊಟ್ಟ ಉತ್ತರವನ್ನೂ ಹೇಳಬೇಕಿತ್ತು. ರಾಜ್ಯದ ಕೇಸು ದುರ್ಬಲ ಅಂತ ಅಕೋಸ್ಟಾಗೆ ನಿಜಕ್ಕೂ ಅನಿಸಿದ್ದರೆ, ಅವರ ಕಚೇರಿಯಲ್ಲೇ ತಯಾರಾಗಿದ್ದ 53 ಪುಟದ ಪಟ್ಟಿಯನ್ನು ಕೋರ್ಟ್‌ಗೆ ಹಾಕಬಹುದಿತ್ತಲ್ಲ ಅಂತ ಕ್ರಿಶರ್ ಕೇಳಿದರು. ಇವರು ಅವರ ಮೇಲೆ ಹಾಕಿದರು, ಅವರು ಇವರ ಮೇಲೆ ಹಾಕಿದರು. ಇಬ್ಬರ ಕೈಯಲ್ಲೂ ಅಧಿಕಾರ ಇತ್ತು ಅನ್ನೋದು ಮಾತ್ರ ಸತ್ಯ.

ಇನ್ನೊಂದು. ಸೋಲುವ ಭಯ ಇದ್ದದ್ದಕ್ಕೆ ಶಿಕ್ಷೆ ಕಡಿಮೆ ಮಾಡಿದರು ಅನ್ನೋಣ. ಸಹಚರರಿಗೆ ಯಾಕೆ ರಕ್ಷಣೆ ಕೊಟ್ಟರು? ಅವರ ಮೇಲೆ ವಿಚಾರಣೆಯೇ ನಡೆದಿರಲಿಲ್ಲ. ನಡೆಯುತ್ತಿದ್ದ ತನಿಖೆಯನ್ನು ಯಾಕೆ ನಿಲ್ಲಿಸಿದರು? ಇದಕ್ಕೆ ಸಾಕ್ಷಿಗಳ ಭಯ ಕಾರಣ ಆಗುವುದಿಲ್ಲ.

ತುಂಗಾತೀರ

ಕರಿಕೋಟು ಸರ್, ನಿಮ್ಮ ಮಾತಿಗೆ ನನ್ನ ಗೌರವ ಇದೆ. ಸಾಕ್ಷಿಗಳ ಕಷ್ಟ ನಿಮಗೆ ಗೊತ್ತಿದ್ದಷ್ಟು ನನಗೆ ಗೊತ್ತಿಲ್ಲ. ಆದರೆ ಒಂದು ಪತ್ರದ ವಿಷಯ ಹೇಳುತ್ತೇನೆ, ನೀವೇ ತೂಗಿ ನೋಡಿ.

ಒಪ್ಪಂದ ಆದದ್ದು 2007ರ ಸೆಪ್ಟೆಂಬರ್. 2008ರ ಜನವರಿಯಲ್ಲಿ ಎಫ್‌ಬಿಐ ಕಡೆಯಿಂದ ಕೆಲವು ಹುಡುಗಿಯರಿಗೆ ಪತ್ರ ಹೋಯಿತು. ಕೇಸು ಇನ್ನೂ ತನಿಖೆಯಲ್ಲಿದೆ, ಇಂಥದ್ದಕ್ಕೆ ಬಹಳ ಸಮಯ ಹಿಡಿಯುತ್ತದೆ, ದಯವಿಟ್ಟು ತಾಳ್ಮೆಯಿಂದಿರಿ ಅನ್ನೋ ಪತ್ರ. ಸಹಿ ಬಿದ್ದು ಮೂರು ತಿಂಗಳ ಮೇಲಾಗಿತ್ತು! ಆ ಮಕ್ಕಳು ತಾಳ್ಮೆಯಿಂದ ಕಾದರು. ಎಪ್‌ಸ್ಟೀನ್ ಕೋರ್ಟ್‌ನಲ್ಲಿ ನಿಂತು ತಪ್ಪೊಪ್ಪಿಕೊಂಡ ದಿನ ಅವರಲ್ಲಿ ಹೆಚ್ಚಿನವರಿಗೆ ಏನು ನಡೆಯುತ್ತಿದೆ ಅನ್ನೋದೇ ಗೊತ್ತಿರಲಿಲ್ಲ.

ಸಾಕ್ಷಿ ಹೇಳಲು ಹೆದರಿದ್ದರು ಅಂತೀರಿ. ಅವರನ್ನು ಕೂರಿಸಿಕೊಂಡು, ನೋಡಮ್ಮ, ಹೀಗೊಂದು ಒಪ್ಪಂದ ಬಂದಿದೆ, ನಿನಗೆ ಏನನಿಸುತ್ತದೆ ಅಂತ ಕೇಳಿದ್ದರೆ ಅವರ ಭಯ ಎಷ್ಟು, ಧೈರ್ಯ ಎಷ್ಟು ಅಂತ ಗೊತ್ತಾಗುತ್ತಿತ್ತು. ಕೇಳಲೇ ಇಲ್ಲ. ಅದಕ್ಕೆ ಬದಲು ಆರೋಪಿಯ ವಕೀಲರ ಜೊತೆ ಮಾತುಕತೆ ತಿಂಗಳುಗಟ್ಟಲೆ ನಡೆಯಿತು. 2007ರ ಅಕ್ಟೋಬರ್‌ನಲ್ಲಿ ಅಕೋಸ್ಟಾ ಎಪ್‌ಸ್ಟೀನ್ ವಕೀಲ ಜೇ ಲೆಫ್ಕೊವಿಟ್ಜ್ ಅವರನ್ನು ವೆಸ್ಟ್ ಪಾಮ್ ಬೀಚ್‌ನ ಹೋಟೆಲ್ ಒಂದರಲ್ಲಿ ಬೆಳಗಿನ ತಿಂಡಿಗೆ ಭೇಟಿಯಾದರು. ಲೆಫ್ಕೊವಿಟ್ಜ್ ಇದ್ದ ಕರ್ಕ್‌ಲ್ಯಾಂಡ್ ಆಂಡ್ ಎಲ್ಲಿಸ್ ಸಂಸ್ಥೆಯಲ್ಲೇ ಅಕೋಸ್ಟಾ ಹಿಂದೆ ಕೆಲಸ ಮಾಡಿದ್ದರು. ಅದರಿಂದಲೇ ಒಪ್ಪಂದ ಸಡಿಲ ಆಯ್ತು ಅಂತ ನಾನು ಹೇಳಲಾರೆ. ನಾನು ಕೇಳುವುದು ಇಷ್ಟೇ. ದುಡ್ಡಿದ್ದವನ ವಕೀಲರಿಗೆ ಕಚೇರಿಯ ಮುಖ್ಯಸ್ಥರೇ ಸಿಗುತ್ತಾರೆ, ಎದುರು ಕೂತು ತಿಂಡಿ ತಿನ್ನುತ್ತಾರೆ. ಹುಡುಗಿಯರಿಗೆ ಒಂದು ನಿಜವಾದ ಪತ್ರವೂ ಸಿಗುವುದಿಲ್ಲ.

ಹಳೇಬೆಂಚು

ಅಮ್ಮಾ, ನಿಮ್ಮ ಆ ಪತ್ರದ ವಿಷಯ ಓದಿ ಸುಮ್ಮನಿರಲು ಆಗಲಿಲ್ಲ. ನಾನು ಕೋರ್ಟ್‌ನಲ್ಲಿ 31 ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದವನು. ಊರು, ಕೋರ್ಟು ಹೇಳುವುದಿಲ್ಲ. ಆ ಕುಟುಂಬಕ್ಕೆ ನೋವಾಗಬಾರದು.

ಒಬ್ಬ ಹುಡುಗ ಸೈಕಲ್‌ನಲ್ಲಿ ಹೋಗುವಾಗ ಕಾರು ಗುದ್ದಿ ತೀರಿಕೊಂಡಿದ್ದ. ಕಾರು ಓಡಿಸಿದವನು ಆ ಊರಿನ ದೊಡ್ಡ ಮನೆಯ ಹುಡುಗ. ತೀರಿಕೊಂಡವನ ತಾಯಿ ಕೂಲಿ ಕೆಲಸದವರು. ವಾಯಿದೆ ಇದ್ದ ದಿನ ಬೆಳಗಿನ ಬಸ್ ಹಿಡಿದು ಬಂದು, ಹೊರಗೆ ಮರದ ಕೆಳಗೆ ಕೂತಿರುತ್ತಿದ್ದರು. ಆ ದಿನದ ಕೂಲಿ ಹೋಗುತ್ತಿತ್ತು. ಒಂದು ದಿನ ಬಂದು, ಇವತ್ತು ನಮ್ಮದು ಎಷ್ಟು ಗಂಟೆಗೆ ಸ್ವಾಮಿ ಅಂತ ಕೇಳಿದರು. ನಾನು ಪುಸ್ತಕ ತೆಗೆದು ನೋಡಿದೆ. ಹೋದ ತಿಂಗಳೇ ಆರೋಪಿ ತಪ್ಪೊಪ್ಪಿಕೊಂಡಿದ್ದ. ದಂಡ ಕಟ್ಟಿಸಿಕೊಂಡು ಕೇಸು ಮುಗಿಸಿದ್ದರು. ಆ ತಾಯಿಗೆ ಒಬ್ಬರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ನಿಮ್ಮ ಕೇಸು ಹೋದ ತಿಂಗಳೇ ಮುಗೀತಮ್ಮ ಅಂತ ಹೇಳುವಾಗ ನನ್ನ ಬಾಯಿ ಒಣಗಿತ್ತು. ಕಾನೂನು ಪ್ರಕಾರ ಎಲ್ಲ ಸರಿಯಾಗಿಯೇ ಇತ್ತು. ಯಾರನ್ನೂ ತಪ್ಪಿತಸ್ಥ ಅನ್ನಲು ಬರುವುದಿಲ್ಲ. ಅದಕ್ಕೇ ಈ ಮಾತು ಹೇಳುತ್ತಿದ್ದೇನೆ.

ಎರಡು ಜಡೆ

ಹಳೇಬೆಂಚು ಸರ್, ಓದಿ ಕಣ್ಣು ತುಂಬಿತು. ನನಗೆ 13 ವರ್ಷದ ಮಗಳಿದ್ದಾಳೆ. ಈ ಚರ್ಚೆಯಲ್ಲಿ 14 ಅನ್ನೋ ಅಂಕಿ ಕಂಡಾಗಲೆಲ್ಲ ಅವಳ ಮುಖ ಬರುತ್ತದೆ. ಕಾನೂನು ನನಗೆ ಜಾಸ್ತಿ ಗೊತ್ತಿಲ್ಲ. ಒಂದು ಪ್ರಶ್ನೆ ಕೇಳಬಹುದಾ? ಆ ಅಕೋಸ್ಟಾ ಅವರನ್ನು ಮಂತ್ರಿ ಮಾಡುವಾಗ ಈ ಒಪ್ಪಂದದ ವಿಷಯ ಯಾರಿಗೂ ಗೊತ್ತಿರಲಿಲ್ಲವಾ?

ಅಂಕಿಗಾರ

ಗೊತ್ತಿತ್ತು ಅಕ್ಕ. ಸಿಟ್ಟು ಬರುವುದೇ ಇಲ್ಲಿ.

ಒಪ್ಪಂದದ ಕಾಗದವನ್ನು ಕೋರ್ಟ್ 2009ರ ಸೆಪ್ಟೆಂಬರ್‌ನಲ್ಲೇ ಬಹಿರಂಗ ಮಾಡಿತ್ತು. ಸಂತ್ರಸ್ತೆಯರ ವಕೀಲರು, ಪತ್ರಿಕೆಯವರು ಪಟ್ಟು ಹಿಡಿದು ಕೇಳಿದ್ದಕ್ಕೆ ಹೊರಬಂತು. ಅಂದರೆ 2017ಕ್ಕೆ ಅದು ಗುಟ್ಟಾಗಿ ಉಳಿದಿರಲಿಲ್ಲ. 2017ರ ಮಾರ್ಚ್‌ನಲ್ಲಿ ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸಮಿತಿ ಮುಂದೆ ಅಕೋಸ್ಟಾ ಕೂತಾಗ ಸೆನೆಟರ್ ಟಿಮ್ ಕೇನ್ ನೇರವಾಗಿ ಈ ವಿಷಯ ಎತ್ತಿದರು. ಜೈಲು ಖಚಿತ ಆಗುವ ಒಪ್ಪಂದ ಒಳ್ಳೆಯದು ಅಂತ ಕಚೇರಿಯ ಅನುಭವಿಗಳು ತೀರ್ಮಾನ ಮಾಡಿದರು ಅನ್ನೋ ಧಾಟಿಯಲ್ಲಿ ಅಕೋಸ್ಟಾ ಉತ್ತರ ಕೊಟ್ಟರು. ಅಲ್ಲಿಗೆ ಮುಗೀತು. ಏಪ್ರಿಲ್ 27ರಂದು ಸೆನೆಟ್ 60–38 ಮತದಲ್ಲಿ ಅವರನ್ನು ಒಪ್ಪಿತು. ಡೆಮಾಕ್ರಾಟರಲ್ಲೂ ಕೆಲವರು ಪರವಾಗಿ ಮತ ಹಾಕಿದರು.

ಕಾರ್ಮಿಕ ಮಂತ್ರಿ ಅಂದರೆ ಬಲವಂತದ ದುಡಿಮೆ, ಮಕ್ಕಳ ದುಡಿಮೆ, ಮನುಷ್ಯರ ಸಾಗಾಟ ತಡೆಯುವ ಕೆಲಸವೂ ಅವರ ಇಲಾಖೆಯದು. ಆ ಕುರ್ಚಿಗೆ ಈ ಸಹಿಯನ್ನು ಬೆನ್ನಿಗಿಟ್ಟುಕೊಂಡವರು ಬಂದು ಕೂತರು.

ಆಮೇಲೆ 2018ರ ನವೆಂಬರ್‌ನಲ್ಲಿ ಮಿಯಾಮಿ ಹೆರಾಲ್ಡ್ ಪತ್ರಿಕೆಯ ಜೂಲಿ ಬ್ರೌನ್ ಸರಣಿ ವರದಿ ಬರೆದರು. ಅವರು ಹೊಸ ಒಪ್ಪಂದವನ್ನೇನೂ ಹುಡುಕಲಿಲ್ಲ. ಆ ಹುಡುಗಿಯರನ್ನು ಹುಡುಕಿದರು. ಅಷ್ಟು ಹೊತ್ತಿಗೆ ಅವರೆಲ್ಲ ಬೆಳೆದ ಹೆಂಗಸರು. ಅವರ ಮುಖ, ಅವರ ದನಿ ಕಂಡ ಮೇಲೆ ಜನ ಎದ್ದರು. 2019ರ ಜುಲೈ 6ರಂದು ನ್ಯೂಯಾರ್ಕ್‌ನ ಪ್ರಾಸಿಕ್ಯೂಟರ್‌ಗಳ ಕೇಸಿನಲ್ಲಿ ಎಪ್‌ಸ್ಟೀನ್ ಬಂಧನ ಆಯಿತು. ಆರು ದಿನಕ್ಕೆ ಅಕೋಸ್ಟಾ ರಾಜೀನಾಮೆ ಘೋಷಿಸಿದರು. ಆಗಸ್ಟ್ 10ರಂದು ಎಪ್‌ಸ್ಟೀನ್ ಜೈಲಿನಲ್ಲೇ ಸತ್ತ. ಆ ಹೆಂಗಸರು ಅವನನ್ನು ಕೋರ್ಟ್‌ನಲ್ಲಿ ಎದುರು ನಿಲ್ಲಿಸಿ ಮಾತಾಡುವ ದಿನ ಬರಲೇ ಇಲ್ಲ.

ಕರಿಕೋಟು

ತುಂಗಾತೀರ ಅವರೇ, ಜನವರಿ ಪತ್ರದ ಬಗ್ಗೆ ನನ್ನ ಬಳಿ ಸಮರ್ಥನೆ ಇಲ್ಲ. ಅದು ತಪ್ಪು.

ಕಾನೂನಿನ ಕಡೆ ಏನಾಯ್ತು ಅಂತ ಹೇಳುತ್ತೇನೆ. ಅಮೆರಿಕದಲ್ಲಿ 2004ರ ಸಂತ್ರಸ್ತರ ಹಕ್ಕಿನ ಕಾಯ್ದೆ ಇದೆ. ಪ್ರಾಸಿಕ್ಯೂಟರ್ ಜೊತೆ ಮಾತಾಡುವ ಹಕ್ಕು, ಗೌರವದಿಂದ ನಡೆಸಿಕೊಳ್ಳಬೇಕು ಅನ್ನೋ ಹಕ್ಕು ಅದರಲ್ಲಿದೆ. 2008ರ ಜುಲೈನಲ್ಲೇ ಸಂತ್ರಸ್ತೆಯರು ಹೆಸರು ಹೇಳದೆ ಆ ಕಾಯ್ದೆಯಡಿ ಕೋರ್ಟ್‌ಗೆ ಹೋದರು. ತೀರ್ಪು ಬಂದದ್ದು 2019ರ ಫೆಬ್ರವರಿ 21. ಹತ್ತು ವರ್ಷಕ್ಕೂ ಜಾಸ್ತಿ! ಸರ್ಕಾರ ಕಾಯ್ದೆ ಮುರಿದಿದೆ ಅಂತ ನ್ಯಾಯಾಧೀಶ ಕೆನೆತ್ ಮಾರ್ರಾ ಹೇಳಿದರು. ಆದರೆ ಮೇಲಿನ ಕೋರ್ಟ್ 2020ರಲ್ಲಿ ಅದನ್ನು ಒಪ್ಪಲಿಲ್ಲ. 2021ರ ಏಪ್ರಿಲ್‌ನಲ್ಲಿ ಪೂರ್ಣ ಪೀಠ ಕೂತಾಗಲೂ 7–4ರಲ್ಲಿ ಅದೇ ಆಯಿತು. ಫೆಡರಲ್ ಕೇಸೇ ದಾಖಲಾಗದಿದ್ದರೆ ಈ ಕಾಯ್ದೆಯಡಿ ಬೇರೆ ದಾವೆ ಹಾಕಲು ಬರುವುದಿಲ್ಲ ಅನ್ನೋದು ಅವರ ತರ್ಕ. ಹುಡುಗಿಯರನ್ನು ಕತ್ತಲಲ್ಲಿ ಇಟ್ಟಿದ್ದರು ಅನ್ನೋದನ್ನು ಆ ನ್ಯಾಯಾಧೀಶರೂ ಮರುಕದಿಂದಲೇ ಬರೆದರು. ಸುಪ್ರೀಂ ಕೋರ್ಟ್ ಮೇಲ್ಮನವಿ ಕೈಗೆತ್ತಿಕೊಳ್ಳಲಿಲ್ಲ.

ಈ ತರ್ಕದ ಪರಿಣಾಮ ಯೋಚಿಸಿ. ಕೇಸು ಹಾಕಿದ ಮೇಲೆ ಒಪ್ಪಂದ ಮಾಡಿದರೆ ಸಂತ್ರಸ್ತರಿಗೆ ಹೇಳಬೇಕು. ಕೇಸೇ ಹಾಕದೆ ಒಳಗೊಳಗೇ ಮುಗಿಸಿದರೆ ಹೇಳದಿದ್ದರೂ ಅವರು ಕೋರ್ಟ್‌ಗೆ ಹೋಗುವಂತಿಲ್ಲ. ಕೇಸು ದಾಖಲಾಗುವ ಮೊದಲೇ ದೊಡ್ಡ ವಕೀಲರ ಪಡೆ ಇಟ್ಟುಕೊಂಡು ತಿಂಗಳುಗಟ್ಟಲೆ ಚೌಕಾಸಿ ಮಾಡುವ ತಾಕತ್ತು ಯಾರಿಗಿರುತ್ತದೆ? ಎಪ್‌ಸ್ಟೀನ್ ಪರ ಅಲನ್ ಡರ್ಶೋವಿಟ್ಜ್ ಇದ್ದರು, ಕೆನೆತ್ ಸ್ಟಾರ್ ಇದ್ದರು, ರಾಯ್ ಬ್ಲ್ಯಾಕ್ ಇದ್ದರು. ಬಡವನ ಕೇಸಿನಲ್ಲಿ ವಕೀಲ ಕಾಣಿಸಿಕೊಳ್ಳುವ ಹೊತ್ತಿಗೆ ಆರೋಪ ಪಟ್ಟಿ ಬಂದಾಗಿರುತ್ತದೆ.

ನ್ಯಾಯ ಇಲಾಖೆಯ ಒಳಗಿನ ವಿಚಾರಣೆಯ ವರದಿ 2020ರ ನವೆಂಬರ್‌ನಲ್ಲಿ ಬಂತು. ಅಕೋಸ್ಟಾ ವೃತ್ತಿ ದುರ್ನಡತೆ ತೋರಲಿಲ್ಲ, ಆದರೆ ಅವರ ವಿವೇಚನೆ ಸರಿ ಇರಲಿಲ್ಲ ಅಂದಿತು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಸಂತ್ರಸ್ತೆಯರ ಮನೆಗೂ ಬೆಳಕಿಲ್ಲ, ಮುಂದಿನ ಪ್ರಾಸಿಕ್ಯೂಟರ್‌ಗೂ ಬೆಳಕಿಲ್ಲ.

ಫ್ಲಾರಿಡಾ ಕನ್ನಡಿಗ

ನಮ್ಮ ರಾಜ್ಯದ ಪಾಲನ್ನೂ ಹೇಳುತ್ತೇನೆ. ಇಲ್ಲಿ ಸ್ಟೇಟ್ ಅಟಾರ್ನಿ ಹುದ್ದೆಗೆ ಚುನಾವಣೆ ನಡೆಯುತ್ತದೆ. ಜನರೇ ಮತ ಹಾಕುತ್ತಾರೆ. ಸ್ಥಳೀಯ ಪೊಲೀಸು, ಜೈಲು ನೋಡಿಕೊಳ್ಳುವ ಶೆರಿಫ್ ಹುದ್ದೆಗೂ ಅಷ್ಟೇ. ಹಾಗಾಗಿ ಕ್ರಿಶರ್ ಆಗಲಿ, ಎಪ್‌ಸ್ಟೀನ್‌ನನ್ನು ಹೊರಗೆ ಬಿಡುತ್ತಿದ್ದ ಜೈಲಿನ ಶೆರಿಫ್ ಆಗಲಿ ನಮಗೆ ಉತ್ತರ ಕೊಡಬೇಕಾದವರು. ಕಾಗದದ ಮೇಲೆ ಇದಕ್ಕಿಂತ ನೇರವಾದ ಹೊಣೆ ಇನ್ನೊಂದಿಲ್ಲ. ನಡೆದದ್ದೇನು? ಕ್ರಿಶರ್ ತಮ್ಮ ಅವಧಿ ಮುಗಿಸಿ ನಿವೃತ್ತರಾದರು. ಶೆರಿಫ್ ಮತ್ತೆ ಮತ್ತೆ ಗೆದ್ದರು. 2019ರಲ್ಲಿ ಗವರ್ನರ್ ರಾಜ್ಯದ ತನಿಖಾ ಇಲಾಖೆಗೆ ಹೇಳಿ ವಿಚಾರಣೆ ಮಾಡಿಸಿದರು. ಲಂಚ ಪಡೆದದ್ದಕ್ಕೆ ಪುರಾವೆ ಸಿಗಲಿಲ್ಲ ಅಂತ 2021ರಲ್ಲಿ ಮುಗಿಸಿದರು.

ಲಂಚ ಇರಲಿಲ್ಲ ಅನ್ನೋದೇ ನನಗೆ ಜಾಸ್ತಿ ಭಯ ಹುಟ್ಟಿಸುತ್ತದೆ. ಲಂಚ ಇದ್ದಿದ್ದರೆ ಒಬ್ಬ ಕೆಟ್ಟವನನ್ನು ಹಿಡಿದು ಹಾಕಬಹುದಿತ್ತು.

ಡೆಲವೇರ್ ರಾಜ್ಯದ್ದೂ ನೆನಪಾಗುತ್ತದೆ. ರಾಸಾಯನಿಕ ಕಂಪನಿಯ ಡುಪಾಂಟ್ ಎಂಬ ಶ್ರೀಮಂತ ಮನೆತನದ ವಾರಸುದಾರನೊಬ್ಬನ ಮೇಲೆ ಮಗುವಿನ ಮೇಲಿನ ದೌರ್ಜನ್ಯದ ಆರೋಪ ಇತ್ತು. ಮೊದಲಿನ ಆರೋಪಕ್ಕೆ ಕಡ್ಡಾಯ ಜೈಲು ಇತ್ತು. 2008ರಲ್ಲಿ ಚಿಕ್ಕ ಆರೋಪಕ್ಕೆ ಇಳಿಸಿ ಒಪ್ಪಂದ ಮಾಡಿದರು. 2009ರಲ್ಲಿ ಎಂಟು ವರ್ಷದ ಶಿಕ್ಷೆ ಬರೆದು, ಅದನ್ನು ಅಮಾನತಿನಲ್ಲಿಟ್ಟು ಮನೆಗೆ ಕಳಿಸಿದರು. ಅವನು ಜೈಲಿನಲ್ಲಿ ಬಾಳಲಾರ ಅನ್ನೋ ಮಾತು ಕೋರ್ಟ್ ದಾಖಲೆಯಲ್ಲಿತ್ತು. ಆಗ ಅಲ್ಲಿ ಅಟಾರ್ನಿ ಜನರಲ್ ಬೋ ಬೈಡನ್. ಅದೂ ಚುನಾಯಿತ ಹುದ್ದೆಯೇ. 2010ರಲ್ಲಿ ಅವರು ಮತ್ತೆ ಗೆದ್ದರು. ಈ ಒಪ್ಪಂದ ಜನರ ಕಣ್ಣಿಗೆ ಬಿದ್ದದ್ದು 2014ರಲ್ಲಿ, ಬೇರೊಂದು ದಾವೆಯ ಕಾಗದದಿಂದ. ಕೇಸು ಬಲವಾಗಿರಲಿಲ್ಲ ಅಂತ ಅವರೂ ಆಗ ಹೇಳಿದರು. ನಿಜವೂ ಇರಬಹುದು. ಆದರೆ 2010ರಲ್ಲಿ ಮತ ಹಾಕಿದ ಜನಕ್ಕೆ ಅದನ್ನು ಕೇಳುವ ಅವಕಾಶವೇ ಇರಲಿಲ್ಲ. ಒಂದು ಕಡೆ ರಿಪಬ್ಲಿಕನ್ ನೇಮಿಸಿದವರು, ಇನ್ನೊಂದು ಕಡೆ ಡೆಮಾಕ್ರಾಟ್. ಪಕ್ಷ ನೋಡಿ ಸಿಟ್ಟು ಮಾಡಿಕೊಳ್ಳುವವರು ಇದನ್ನು ಗಮನಿಸಬೇಕು.

ಸಿಯಾಟಲ್ ಸೋನೆಮಳೆ

ತಡವಾಗಿ ಬಂದೆ, ಕ್ಷಮಿಸಿ. ಇಲ್ಲಿ ವಿಮಾನದ ಉದ್ಯಮದಲ್ಲಿ ಕೆಲಸ ಮಾಡುವ ಕನ್ನಡಿಗರು ಬೇಕಾದಷ್ಟು ಜನ ಇದ್ದೇವೆ. ಹಾಗಾಗಿ ಬೋಯಿಂಗ್ ಕೇಸು ನಮಗೆ ಹತ್ತಿರದ್ದು. ಎರಡು ಮ್ಯಾಕ್ಸ್ ವಿಮಾನ ಬಿದ್ದು 346 ಜನ ಸತ್ತರು. 2021ರ ಜನವರಿಯಲ್ಲಿ ಸರ್ಕಾರ 250 ಕೋಟಿ ಡಾಲರ್‌ಗೂ ಹೆಚ್ಚಿನ ಒಪ್ಪಂದ ಮಾಡಿಕೊಂಡು ವಿಚಾರಣೆ ಮುಂದಕ್ಕೆ ಹಾಕಿತು. ಆ ಮೊತ್ತದಲ್ಲಿ ದಂಡ ಅಂತ ಇದ್ದದ್ದು 24 ಕೋಟಿ ಚಿಲ್ಲರೆ ಡಾಲರ್. ಉಳಿದದ್ದರಲ್ಲಿ ಬಹುಪಾಲು ವಿಮಾನ ಕಂಪನಿಗಳಿಗೆ ಕೊಡುವ ಪರಿಹಾರ. ಸತ್ತವರ ಮನೆಯವರಿಗೆ ಮೊದಲು ಹೇಳಲೇ ಇಲ್ಲ.

ಆ ಕುಟುಂಬಗಳ ಪರ ನಿಂತವರು ಪಾಲ್ ಕ್ಯಾಸೆಲ್. ಎಪ್‌ಸ್ಟೀನ್ ಕೇಸಿನ ಹುಡುಗಿಯರ ಪರ ಅದೇ 2004ರ ಕಾಯ್ದೆ ಹಿಡಿದು ಹೋರಾಡಿದ ವಕೀಲರಲ್ಲಿ ಅವರೂ ಒಬ್ಬರು. ಆ ಕುಟುಂಬಗಳನ್ನೂ ಅಪರಾಧದ ಸಂತ್ರಸ್ತರು ಅಂತ ಪರಿಗಣಿಸಬೇಕು ಅಂತ ಟೆಕ್ಸಾಸ್ ನ್ಯಾಯಾಧೀಶರು 2022ರಲ್ಲಿ ಹೇಳಿದರು. ಅಷ್ಟು ಗೆದ್ದರು. ಕೊನೆಗೆ 2025ರಲ್ಲಿ ಸರ್ಕಾರ ಇನ್ನೊಂದು ಒಪ್ಪಂದ ಮಾಡಿಕೊಂಡಿತು, ಕೇಸು ವಜಾ ಆಯಿತು. ಮಕ್ಕಳನ್ನು ಕಳೆದುಕೊಂಡ ಅಪ್ಪ ಅಮ್ಮಂದಿರು ಫೋಟೋ ಎತ್ತಿ ಹಿಡಿದು ನಿಂತಿದ್ದ ಚಿತ್ರಗಳನ್ನು ನಾವು ಕ್ಯಾಂಟೀನ್‌ನಲ್ಲಿ ಕೂತು ನೋಡಿದ್ದೇವೆ. ಅವತ್ತು ಯಾರಿಗೂ ಮಾತು ಬರಲಿಲ್ಲ.

ಎರಡು ಜಡೆ

ನಮ್ಮಲ್ಲಿ ಹೀಗೆ ಮಾಡಬಹುದಾ ಕರಿಕೋಟು ಸರ್?

ಕರಿಕೋಟು

ಇದೇ ರೀತಿ ಮಾಡಲು ಬರುವುದಿಲ್ಲ ಮೇಡಂ. ನಮ್ಮಲ್ಲಿ ಪ್ಲೀ ಬಾರ್ಗೇನಿಂಗ್ 2006ರ ಜುಲೈನಿಂದ ಇದೆ. ಏಳು ವರ್ಷಕ್ಕಿಂತ ಜಾಸ್ತಿ ಶಿಕ್ಷೆಯ ಅಪರಾಧಕ್ಕೆ ಇಲ್ಲ. ಹೆಂಗಸರ ಮೇಲಿನ ಅಪರಾಧಕ್ಕೆ, ಮಕ್ಕಳ ಮೇಲಿನ ಅಪರಾಧಕ್ಕೆ ಇಲ್ಲ. ಮಾತುಕತೆಯಲ್ಲಿ ಸಂತ್ರಸ್ತರೂ ಕೂರಬೇಕು. ಬಳಕೆಯೂ ಅಪರೂಪ.

ನಮ್ಮಲ್ಲಿ ರಾಜಕೀಯ ನುಗ್ಗುವ ಬಾಗಿಲು ಬೇರೆ. ಅದು ಕೇಸು ವಾಪಸ್. ಸರ್ಕಾರ ತೀರ್ಮಾನ ಮಾಡುತ್ತದೆ, ಪಿ.ಪಿ. (ಸರ್ಕಾರಿ ವಕೀಲರು) ಅರ್ಜಿ ಹಾಕುತ್ತಾರೆ, ಕೋರ್ಟ್ ಒಪ್ಪಿದರೆ ಕೇಸು ಮುಗೀತು. ಕರ್ನಾಟಕದ್ದೇ ನೋಡಿ. 2020ರ ಆಗಸ್ಟ್ 31ರಂದು ಆಗಿನ ಬಿಜೆಪಿ ಸರ್ಕಾರ ಶಾಸಕರು, ಸಂಸದರು ಸೇರಿದಂತೆ ಹಲವರ ಮೇಲಿದ್ದ 61 ಕೇಸು ಹಿಂಪಡೆಯಲು ಆದೇಶ ಮಾಡಿತು. ಹೈಕೋರ್ಟ್ ಡಿಸೆಂಬರ್‌ನಲ್ಲಿ ತಡೆಯಿತು. 2024ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಸರ್ಕಾರ 43 ಕೇಸು ಹಿಂಪಡೆಯಲು ಹೊರಟಿತು. ಅದರಲ್ಲಿ ನಮ್ಮ ಹಳೇ ಹುಬ್ಬಳ್ಳಿ ಠಾಣೆಯ ಗಲಭೆಯ ಕೇಸೂ ಇತ್ತು. ಹೈಕೋರ್ಟ್ 2025ರ ಮೇ 29ರಂದು ಆ ಆದೇಶ ರದ್ದು ಮಾಡಿತು. ಶಾಸಕ, ಸಂಸದರ ಮೇಲಿನ ಕೇಸನ್ನು ಆಯಾ ಹೈಕೋರ್ಟ್ ಒಪ್ಪಿಗೆ ಇಲ್ಲದೆ ಹಿಂಪಡೆಯಬಾರದು ಅಂತ ಸುಪ್ರೀಂ ಕೋರ್ಟ್ 2021ರ ಆಗಸ್ಟ್‌ನಲ್ಲೇ ಹೇಳಿದೆ.

2024ರ ಜುಲೈ 1ರಿಂದ ಬಂದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 360ನೇ ಕಲಂನಲ್ಲಿ ಒಂದು ಸಾಲು ಸೇರಿದೆ. ಸಂತ್ರಸ್ತರ ಮಾತು ಕೇಳದೆ ಕೋರ್ಟ್ ಕೇಸು ವಾಪಸಿಗೆ ಒಪ್ಪುವಂತಿಲ್ಲ. ಹಳೇ ದಂಡ ಪ್ರಕ್ರಿಯಾ ಸಂಹಿತೆಯ 321ನೇ ಕಲಂನಲ್ಲಿ ಇದು ಇರಲಿಲ್ಲ. ಪಾಮ್ ಬೀಚ್‌ನ ಆ ಹುಡುಗಿಯರಿಗೆ ಇಲ್ಲದೇ ಹೋದದ್ದು ಇಂಥ ಒಂದು ಸಾಲೇ. ಆದರೆ ಇದು ಕೇಸು ವಾಪಸಿಗೆ ಮಾತ್ರ. ಹಳೇಬೆಂಚು ಸರ್ ಹೇಳಿದಂಥ ಕೇಸಿನಲ್ಲಿ, ಆರೋಪಿ ತಾನೇ ತಪ್ಪೊಪ್ಪಿಕೊಂಡು ದಂಡ ಕಟ್ಟಿದಾಗ, ಈ ಸಾಲು ಆ ತಾಯಿಯ ನೆರವಿಗೆ ಬರುವುದಿಲ್ಲ.

ತುಂಗಾತೀರ

ಎಲ್ಲರಿಗೂ ಧನ್ಯವಾದ. ಶುರು ಮಾಡುವಾಗ ನನಗೆ ಅಕೋಸ್ಟಾ ಮೇಲಷ್ಟೇ ಸಿಟ್ಟಿತ್ತು. ಈಗ ಅನಿಸುತ್ತಿದೆ, ರಾಜೀನಾಮೆ ಕೇಳುವುದು ಬಹಳ ಕೊನೆಯ ಮೆಟ್ಟಿಲು. ಅಲ್ಲಿಗೆ ಬರುವ ಹೊತ್ತಿಗೆ ಹುಡುಗಿಯರು ಮೂವತ್ತರ ಆಸುಪಾಸಿಗೆ ಬಂದಿರುತ್ತಾರೆ. ಹೊಣೆ ಶುರುವಾಗಬೇಕಾದದ್ದು ಸಹಿ ಹಾಕುವ ದಿನ. ಹಣವಂತನಿಗೆ ಮೆತ್ತಗಿನ ಒಪ್ಪಂದ ಕೊಡಲೇಬೇಕಾದ ಕಾರಣ ಇದ್ದರೆ ಕೊಡಲಿ. ಆದರೆ ಯಾರು ಒಪ್ಪಿದರು, ಯಾಕೆ ಒಪ್ಪಿದರು ಅಂತ ಬರೆದು ಅವತ್ತೇ ಹೊರಗಿಡಲಿ. ಅದಕ್ಕೂ ಮೊದಲು ನೊಂದವರನ್ನು ಕೂರಿಸಿ ಹೇಳಲಿ. 2007ರಲ್ಲಿ ಹಾಗೆ ಮಾಡಬೇಕಾಗಿ ಬಂದಿದ್ದರೆ ಆ ಸಹಿ ಬೀಳುತ್ತಿತ್ತಾ? ನನಗಂತೂ ಬೀಳುತ್ತಿರಲಿಲ್ಲ ಅನಿಸುತ್ತದೆ.

ಆ ಸಹಿ ಇನ್ನೂ ಸತ್ತಿಲ್ಲ ನೋಡಿ. 20 ವರ್ಷದ ಶಿಕ್ಷೆಯಾದ ಎಪ್‌ಸ್ಟೀನ್ ಸಹಚರಿ ಗಿಲೇನ್ ಮ್ಯಾಕ್ಸ್‌ವೆಲ್ ಕೂಡ ಅದೇ ಕಾಗದ ತೋರಿಸಿ, ಸಹಚರರಿಗೆ ರಕ್ಷಣೆ ಇದೆಯಲ್ಲ, ನನ್ನನ್ನೂ ಬಿಡಿ ಅಂತ ಸುಪ್ರೀಂ ಕೋರ್ಟ್‌ವರೆಗೂ ಹೋದಳು. 2025ರ ಅಕ್ಟೋಬರ್‌ನಲ್ಲಿ ಕೋರ್ಟ್ ಅರ್ಜಿ ತಳ್ಳಿಹಾಕಿತು. ಅದಕ್ಕೆ ಒಂದು ತಿಂಗಳು ಮೊದಲು ಅಕೋಸ್ಟಾ ಅವರನ್ನು ಸಂಸತ್ತಿನ ಸಮಿತಿ ಮತ್ತೆ ಕರೆಸಿ ಪ್ರಶ್ನೆ ಕೇಳಿತ್ತು. 18 ವರ್ಷದ ಮೇಲೆ.

ಹಳೇಬೆಂಚು ಸರ್, ಒಂದು ಕೇಳಬಹುದಾ? ಆ ತಾಯಿಗೆ ಕೋರ್ಟ್ ಆದೇಶದ ಪ್ರತಿಯಾದರೂ ಸಿಕ್ಕಿತಾ?

ಹಳೇಬೆಂಚು

ಸಿಕ್ಕಿತಮ್ಮ. ನಾನೇ ಅರ್ಜಿ ಬರೆದುಕೊಟ್ಟೆ. ಅವರು ಹೆಬ್ಬೆಟ್ಟು ಒತ್ತಿದರು. ಕೆಲವು ದಿನ ಬಿಟ್ಟು ನಕಲು ಬಂತು. ಎರಡೇ ಪುಟ. ಅವರಿಗೆ ಓದಲು ಬರುತ್ತಿರಲಿಲ್ಲ, ಓದಿ ಹೇಳಪ್ಪ ಅಂದರು. ಮೆಟ್ಟಿಲ ಮೇಲೆ ಕೂತು ಓದಿದೆ. ಪೂರ್ತಿ ಕೇಳಿದರು, ಅಳಲಿಲ್ಲ. ಮಗನ ಹೆಸರು ಒಂದು ಕಡೆ ತಪ್ಪಾಗಿ ಟೈಪಾಗಿತ್ತು. ಅದೊಂದನ್ನು ಸರಿ ಮಾಡಿಸಿಕೊಡ್ತೀಯಾ ಅಂತ ಕೇಳಿದರು.